ಯಾರಿಗ್ರಿ ಎಂದು ಕೇಳದ ಯಂತ್ರ

ಹಗರಿಬೊಮ್ಮನಹಳ್ಳಿಯ ರಕ್ತದ ಕೋಣೆಯನ್ನು ನೋಡಿಕೊಳ್ಳುತ್ತಿದ್ದ ಚಾಚಾ ಫೋನೆತ್ತಿದರೆ ಮೊದಲು ಕೇಳುತ್ತಿದ್ದುದು ಒಂದೇ ಮಾತು: ‘ಯಾರಿಗ್ರಿ?’ ಯಾವ ಗುಂಪು, ಎಷ್ಟು ಬಾಟಲಿ ಎನ್ನುವುದೆಲ್ಲ ಆಮೇಲೆ. ಅದು ಪ್ಲಾಸ್ಟಿಕ್ ಚೀಲವಾದರೂ ಎಲ್ಲರ ಬಾಯಲ್ಲೂ ಬಾಟಲಿಯೇ. ರೋಗಿಯ ಹೆಸರು, ಊರು ಹೇಳದೆ ಅವರು ಫ್ರಿಜ್ಜಿನ ಬಾಗಿಲು ಮುಟ್ಟುತ್ತಿರಲಿಲ್ಲ. ಲೈನು ಕಟ್ಟಾಗಿ ಅದೇ ನರ್ಸು ಎರಡನೇ ಸಲ ಫೋನು ಮಾಡಿದರೆ, ಆ ರೋಗಿಗೆ ಆಗಲೇ ಎತ್ತಿಟ್ಟಾಗಿದೆ, ಮತ್ತೇಕೆ ಕೇಳುತ್ತೀರಿ ಎಂದು ರೇಗುತ್ತಿದ್ದರು.

ಆ ರೇಗಾಟ ತಪ್ಪಿಸಲೆಂದೇ ನನ್ನನ್ನು ಕರೆಸಿದ್ದು. ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿತ್ತು. ಕೂಡ್ಲಿಗಿ, ಕೊಟ್ಟೂರು, ಹಡಗಲಿ, ಹರಪನಹಳ್ಳಿಯ ನಾಲ್ಕು ಖಾಸಗಿ ಆಸ್ಪತ್ರೆಗಳ ಡಾಕ್ಟರುಗಳು ಸೇರಿ, ನಡುವಿನ ಊರಲ್ಲಿ ರಕ್ತ ಇಡುವ ಕೋಣೆ ಮಾಡಿದ್ದರು. ನಾನು ಹರಪನಹಳ್ಳಿಯ ದರ್ಜಿಯ ಮಗಳು. ಕಂಪ್ಯೂಟರ್ ಕಲಿಸುವ ಅಂಗಡಿಯಲ್ಲಿ ಪಾಠ ಹೇಳುತ್ತಿದ್ದೆ, ಜಂಭಕ್ಕೇನೂ ಕಡಿಮೆ ಇರಲಿಲ್ಲ.

ನಾನು ಬರೆದ ಪ್ರೋಗ್ರಾಮಿನಲ್ಲಿ ಆ ಫ್ರಿಜ್ಜು ಒಂದು ಆಬ್ಜೆಕ್ಟ್, ಅಂದರೆ ತನ್ನ ಲೆಕ್ಕ ತಾನೇ ಇಟ್ಟುಕೊಂಡು ಹೇಳಿದ ಕೆಲಸ ಮಾಡುವ ಪ್ರೋಗ್ರಾಮಿನ ತುಣುಕು. ಅದಿದ್ದದ್ದು ಹಗರಿಬೊಮ್ಮನಹಳ್ಳಿಯ ಯಂತ್ರದೊಳಗೆ. ಉಳಿದ ನಾಲ್ಕೂ ಊರಿನ ಯಂತ್ರಗಳಲ್ಲಿ ಅದರ ಹೆಸರಲ್ಲಿ ಮಾತು ಒಯ್ಯುವ ಒಬ್ಬೊಬ್ಬ ಪ್ರತಿನಿಧಿ. ಕೂಡ್ಲಿಗಿಯ ನರ್ಸು ಗುಂಡಿ ಒತ್ತಿದರೆ ‘ಒಂದು ಎತ್ತಿಡು’ ಎಂಬ ಕರೆ ಟೆಲಿಫೋನ್ ತಂತಿಯಲ್ಲಿ ಹೋಗಿ, ಅಲ್ಲಿ ಕೆಲಸ ಆಗಿ, ‘ಆಯಿತು’ ಎಂಬ ಉತ್ತರ ಬರುತ್ತಿತ್ತು. ಬರೆಯುವವಳಿಗೆ ಮಾತ್ರ ಪಕ್ಕದಲ್ಲೇ ಕೂತವರಿಗೆ ಹೇಳಿದಷ್ಟು ಸಲೀಸು. ಆ ಸಲೀಸೇ ನನ್ನ ಕಣ್ಣು ಕಟ್ಟಿತು. ಉತ್ತರ ಬಾರದಿದ್ದರೆ ಮತ್ತೆ ಕರೆ, ಒಟ್ಟು ಮೂರು ಸಲ ಕರೆ ಎಂದು ಬರೆದೆ. ಯಾರಿಗೆ ಎಂಬ ಪ್ರಶ್ನೆಯನ್ನು ಕಿತ್ತುಹಾಕಿದೆ. ಗುಂಪು ಗೊತ್ತಾದರೆ ಸಾಕಲ್ಲ, ಹೆಸರು ಕಟ್ಟಿಕೊಂಡು ಫ್ರಿಜ್ಜಿಗೇನಾಗಬೇಕು?

ಚಾಚಾಗೆ ಅದು ಹಿಡಿಸಲಿಲ್ಲ. ‘ಬೇಟಿ, ನಿನ್ನ ಮಷೀನು ಯಾರಿಗಂತ ಕೇಳಂಗಿಲ್ಲೇನು?’ ಎಂದರು. ನಾನು ನಕ್ಕೆ. ಪರದೆ ಹೇಳಿದಷ್ಟು ಮಾಡಿ, ನಡುವೆ ಕೈ ಹಾಕಬೇಡಿ ಎಂದು ಅವರ ಬಾಯಿ ಮುಚ್ಚಿಸಿದೆ. ನನ್ನ ಅಪ್ಪನ ವಯಸ್ಸಿನವರು ಅವರು.

ಬೇಸಿಗೆಯ ಒಂದು ಮಧ್ಯಾಹ್ನ ಗಾಳಿ ಎದ್ದಿತ್ತು, ಮೋಡೆಮ್ಮಿನ ದೀಪ ಹತ್ತಿ ಆರುತ್ತಿತ್ತು. ಅಂದು ನಾನೂ ಆ ಕೋಣೆಯಲ್ಲೇ ಇದ್ದೆ. ಓ ನೆಗೆಟಿವ್ ಮೂರೇ ಬಾಟಲಿ ಇದ್ದವು. ಕೂಡ್ಲಿಗಿಯಿಂದ ಕರೆ ಬಂತು, ಪರದೆಯ ಮೇಲೆ ಮೂರೂ ಕೂಡ್ಲಿಗಿಗೆ ಎಂದು ಮೂಡಿತು. ಚಾಚಾ ಮೂರಕ್ಕೂ ಚೀಟಿ ಅಂಟಿಸಿದರು. ಸ್ವಲ್ಪ ಹೊತ್ತಿಗೆ ಲೈನು ಪೂರ್ತಿ ಸತ್ತಿತು.

ಆಮೇಲೆ ಒಂದು ಗಂಟೆಯೂ ಆಗಿರಲಿಲ್ಲ, ಹಡಗಲಿಯಿಂದ ಬೈಕಿನಲ್ಲಿ ಒಬ್ಬ ಬಂದ. ಮೈಯೆಲ್ಲ ಧೂಳು. ಐಸ್ ತುಂಬಿದ ಡಬ್ಬಿಯಲ್ಲಿ ತಂಗಿಯ ರಕ್ತದ ಸ್ಯಾಂಪಲ್ಲು ತಂದಿದ್ದ. ಹೊಳಲು ಎಂಬ ಹಳ್ಳಿಯ ಹೆಣ್ಣುಮಗಳು, ಬೆಳಿಗ್ಗೆ ಹಡಗಲಿಯ ಆಸ್ಪತ್ರೆಯಲ್ಲಿ ಹೆರಿಗೆ ಆಗಿದೆ, ರಕ್ತ ನಿಲ್ಲುತ್ತಿಲ್ಲ ಎಂದ. ಚಾಚಾ ಕೇಳುವ ಮೊದಲೇ ಅವಳ ಹೆಸರು ಹೇಳಿದ. ನನಗೆ ಬೇಕಿದ್ದದ್ದು ಗುಂಪು ಮಾತ್ರ. ಓ ನೆಗೆಟಿವ್. ಪರದೆ ನೋಡಿದೆ, ಸೊನ್ನೆ.

ಅವನು ಫ್ರಿಜ್ಜಿನ ಗಾಜಿನ ಬಾಗಿಲಿಗೆ ಬೆರಳಿಟ್ಟ. ‘ಮೂರು ಅದಾವಲ್ರಿ ಅಕ್ಕಾರ, ಕಣ್ಣಿಗೆ ಕಾಣಾಕತ್ತಾವು. ಒಂದು ಕೊಡ್ರಿ.’

ಚಾಚಾ ಎದ್ದು ಬಾಗಿಲ ಹಿಡಿಗೆ ಕೈ ಹಾಕಿದರು. ನಾನು ಅಡ್ಡ ಹೋದೆ. ಕೂಡ್ಲಿಗಿಯಲ್ಲಿ ಯಾರದೋ ಹೊಟ್ಟೆ ಕೊಯ್ದು ಈ ಮೂರನ್ನೇ ನಂಬಿಕೊಂಡು ಕೂತಿರಬಹುದು, ಅವರ ಜೀವ ಜೀವವಲ್ಲವೇ ಎಂದೆ. ಹಾಗೆಂದು ನಿಜಕ್ಕೂ ನಂಬಿದ್ದೆ, ಅದನ್ನಿಲ್ಲಿ ಹೇಳಿಕೊಂಡರೆ ಪಾಪ ಕಳೆಯುತ್ತದೆ ಎಂದಲ್ಲ. ಚಾಚಾ ಕೂಡ್ಲಿಗಿಗೆ ಫೋನು ತಿರುಗಿಸಿದರು, ತಿರುಗಿಸಿದರು. ಹೋಗಲಿಲ್ಲ. ಅವನು ನನ್ನ ಮುಖವನ್ನೊಮ್ಮೆ ನೋಡಿ ಹೊಸಪೇಟೆಯ ಕಡೆ ಬೈಕು ತಿರುಗಿಸಿದ.

ಮರುದಿನ ಬೆಳಿಗ್ಗೆ ಕೂಡ್ಲಿಗಿಯ ಕಾಂಪೌಂಡರ್ ಬಂದು ಒಂದು ಬಾಟಲಿ ತೆಗೆದುಕೊಂಡ. ಉಳಿದೆರಡು ತೋರಿಸಿದರೆ ಪಿಳಿಪಿಳಿ ನೋಡಿದ. ‘ನಾವು ಕೇಳಿದ್ದು ಒಂದೇ ಅಲ್ರಿ? ಅದೂ ಇವತ್ತಿನ ಆಪರೇಷನ್ನಿಗೆ.’

ಯಂತ್ರದ ದಾಖಲೆ ತೆಗೆದೆ. ಒಂದೇ ನಿಮಿಷದೊಳಗೆ ಮೂರು ಕರೆ. ಮೊದಲನೆಯದು ತಲುಪಿ ಒಂದು ಬಾಟಲಿ ಎತ್ತಿಟ್ಟಿತ್ತು, ‘ಆಯಿತು’ ಎಂಬ ಉತ್ತರ ಮಾತ್ರ ಗಾಳಿಗೆ ಕಳೆದುಹೋಗಿತ್ತು. ಕೂಡ್ಲಿಗಿಯ ಯಂತ್ರ ಕೆಲಸವೇ ಆಗಿಲ್ಲವೆಂದುಕೊಂಡು, ನಾನು ಬರೆದಂತೆಯೇ ಮತ್ತೆ ಕರೆದಿತ್ತು. ಈ ಕಡೆಯ ಯಂತ್ರ ಇನ್ನೊಂದು ಎತ್ತಿಟ್ಟಿತ್ತು, ಆ ಉತ್ತರವೂ ಕಳೆದಿತ್ತು. ಮೂರನೆಯ ಸಲ ಮತ್ತೊಂದು ಎತ್ತಿಟ್ಟ ಮೇಲೆ ಉತ್ತರ ಮುಟ್ಟಿತ್ತು: ಒಂದು ಇಡಲಾಗಿದೆ. ಅಲ್ಲಿನವರು ನೆಮ್ಮದಿಯಾಗಿ ಊಟಕ್ಕೆ ಹೋಗಿದ್ದರು.

ಹಡಗಲಿಯ ಸುದ್ದಿ ಮಧ್ಯಾಹ್ನಕ್ಕೆ ಬಂತು. ಅಣ್ಣ ಹೊಸಪೇಟೆಯಿಂದ ಎರಡು ಬಾಟಲಿ ತಂದಿದ್ದನಂತೆ. ಅಷ್ಟರಲ್ಲಿ ತಂಗಿ ಹೋಗಿದ್ದಳು. ಮಗು ಉಳಿದಿತ್ತು.

ನಾನು ಅಲ್ಲೇ ಅತ್ತೆ. ಚಾಚಾ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ‘ಫೋನಿನ್ಯಾಗಾಗಿದ್ರ ಕೇಳ್ತಿದ್ದೆ ಬೇಟಿ’ ಎಂದಷ್ಟೇ ಹೇಳಿ, ಚೀಟಿ ಅಂಟಿದ್ದ ಎರಡು ಬಾಟಲಿಗಳನ್ನು ನೋಡುತ್ತ ನಿಂತರು.

ತಪ್ಪು ತಿದ್ದಲು ಅರ್ಧ ದಿನವೂ ಬೇಕಾಗಲಿಲ್ಲ, ಅದು ಇನ್ನೂ ಹೊಟ್ಟೆ ಉರಿಸುತ್ತದೆ. ಪ್ರತಿ ಕರೆಯ ಜೊತೆ ರೋಗಿಯ ಹೆಸರು, ಊರು ಹೋಗಬೇಕು. ಅದೇ ಹೆಸರು ಮತ್ತೆ ಬಂದರೆ ಹೊಸದಾಗಿ ಎತ್ತಿಡಬಾರದು, ಆಗಲೇ ಇಟ್ಟಿದೆ ಎನ್ನಬೇಕು. ಚಾಚಾ ಇಷ್ಟು ವರ್ಷ ಮಾಡಿದ್ದನ್ನೇ ಯಂತ್ರಕ್ಕೆ ಕಲಿಸಿದೆ.

ಪರೀಕ್ಷಿಸಲು ಒಂದು ಹೆಸರು ಬೇಕಿತ್ತು. ತೀರಿಹೋದ ಆ ಹೆಣ್ಣುಮಗಳದೇ ಹಾಕೋಣವೆಂದರೆ ನನಗೆ ಗೊತ್ತಿರಲಿಲ್ಲ. ಅಣ್ಣ ನನ್ನೆದುರೇ ಹೇಳಿದ್ದ, ನಾನು ಕಿವಿಗೆ ಹಾಕಿಕೊಂಡಿರಲಿಲ್ಲ. ಚಾಚಾನನ್ನು ಕೇಳಿದೆ. ಅವರು ಹೇಳಿದರು. ಹಡಗಲಿಗೆ ಹೋಗಿ ಅಲ್ಲಿನ ಯಂತ್ರದಿಂದ ಆ ಹೆಸರನ್ನು ಮೂರು ಸಲ ಕಳಿಸಿದೆ. ಫ್ರಿಜ್ಜು ಅವಳಿಗೆ ಒಂದು ಬಾಟಲಿ ಎತ್ತಿಟ್ಟಿತು.