ನೆಂಟರ ಹೊಲಿಗೆ

ಅಣ್ಣನ ಮಗಳನ್ನು ಶಾಲೆಯ ನಾಟಕದಲ್ಲಿ ಮರ ಮಾಡಿದ ದಿನವೇ ಕಿರೀಟದಮ್ಮನ ಹೆಸರು ಸೋದರತ್ತೆಯಾದ ಅವಳ ಕಿವಿಗೆ ಮೊದಲ ಸಲ ಬಿದ್ದದ್ದು. ಹುಡುಗಿ ಚೀಲ ಬಿಸಾಡಿ, ಬಾಗಿಲಿಗೆ ಮುಖ ಒತ್ತಿಕೊಂಡು ಅಳುತ್ತಿತ್ತು. ಗೆಳತಿಯರೆಲ್ಲ ರಾಜಕುಮಾರಿಯರಂತೆ, ತಾನೊಬ್ಬಳೇ ಮರವಂತೆ. ಮಾತೂ ಇಲ್ಲವಂತೆ, ಗಾಳಿ ಬಂದಾಗ ಅಲ್ಲಾಡಿದರೆ ಮುಗಿಯಿತಂತೆ.

"ಮರದ ಬಟ್ಟೆ ಎಲ್ಲಿಂದ ತರೋದು? ಸುಮ್ನೆ ನಿಂತ್ಕೊಳ್ಳೋ ಕೆಲಸಕ್ಕೆ ಇವರಪ್ಪನ್ನೇ ಕಳಿಸ್ಬಹುದಿತ್ತು" ಎಂದು ಅತ್ತಿಗೆ ಗಂಡನ ಕಡೆಗೊಂದು ಮಾತು ಎಸೆದಳು. ಅಣ್ಣ ಪೇಪರಿನ ಪುಟ ಮಗುಚಿದ.

ಬಾಗಿಲಲ್ಲಿ ಬಟ್ಟೆಗಂಟು ಇಳಿಸುತ್ತಿದ್ದ ಇಸ್ತ್ರಿಯವನು ಬಾಯಿ ಹಾಕಿದ. "ಕಿರೀಟದಮ್ಮ ಇದಾರಲ್ಲಮ್ಮ, ಗಡಿಯಾರದ ಅಂಗಡಿ ಮಹಡಿ ಮೇಲೆ. ದೇವರಿಂದ ಹಿಡಿದು ದೆವ್ವದವರೆಗೂ ಎಲ್ಲರ ಬಟ್ಟೇನೂ ಬಾಡಿಗೆಗೆ ಕೊಡ್ತಾರೆ. ಬಾಯಿ ಮಾತ್ರ ಸ್ವಂತದ್ದು. ಸ್ವಲ್ಪ ಜೋಪಾನ."

ಹೋಗಬೇಕಾಗಿ ಬಂದದ್ದು ಅವಳಿಗೇ. ಗಂಡ ತೀರಿಕೊಂಡ ಮೇಲೆ ಅಣ್ಣನ ಮನೆ ಸೇರಿದವಳು ಅವಳು. ಅವಳ ಹಾಸಿಗೆ ನಡುಮನೆಯದು, ಎಲ್ಲರಿಗಿಂತ ತಡವಾಗಿ ಬಿಚ್ಚಿ ಎಲ್ಲರಿಗಿಂತ ಮೊದಲು ಸುತ್ತಿಡುವಂಥದ್ದು. "ನಾಲ್ಕು ದಿನ ಇದ್ದು ಹೋಗೋಕೆ ಬಂದಿದಾಳೆ" ಎಂದು ಅತ್ತಿಗೆ ಬಂದವರಿಗೆಲ್ಲ ಹೇಳುತ್ತಿದ್ದಳು. ಆ ನಾಲ್ಕು ದಿನ ಶುರುವಾಗಿ ಎರಡು ವರ್ಷವಾಗಿತ್ತು.

ಇಕ್ಕಟ್ಟಾದ ಮೆಟ್ಟಿಲು ಹತ್ತಿದರೆ ಒಂದೇ ಉದ್ದನೆಯ ಕೋಣೆ. ಕಂಬಿಗಳ ತುಂಬ ನೇತುಹಾಕಿದ ಬಟ್ಟೆ. ಒಂದು ಕಡೆ ರಾಜರು, ಇನ್ನೊಂದು ಕಡೆ ಭಿಕ್ಷುಕರು, ನಡುವೆ ಪೊಲೀಸರು. ಗೋಡೆಯ ಮೊಳೆಗಳಲ್ಲಿ ಬಾಲಗಳು. ರಟ್ಟಿಗೆ ಚುಚ್ಚಿಟ್ಟ ಮೀಸೆಗಳು. ಸೂರಿನವರೆಗೂ ಕಿರೀಟಗಳು. ಎಲ್ಲದರ ಮೇಲೆ ಅಂಟಿನ ವಾಸನೆ, ನುಸಿಗುಳಿಗೆಯ ವಾಸನೆ. ಕಿರೀಟದಮ್ಮನದು ಬಾಗಿಲು ತುಂಬುವ ಮೈಕಟ್ಟು. ಮೊಣಕಾಲು ಮುಟ್ಟುವ ನೀಲಿ ಕೋಟು, ಅದರ ಕಾಲರಿನ ತುಂಬ ಗುಂಡುಸೂಜಿ, ಕೊರಳಲ್ಲಿ ಅಳತೆಪಟ್ಟಿ. ಬಂದವರ ಮುಖ ನೋಡುವ ಮೊದಲು ಭುಜ ನೋಡುವುದು ಅವರ ಅಭ್ಯಾಸ.

"ಮರ ಎಲ್ಲಾ ಹೋಯ್ತು. ಈ ವಾರ ಯಾವ ಶಾಲೆ ನೋಡಿದ್ರೂ ಕಾಡು. ಒಂದು ಮೊಸಳೆ ಇದೆ, ಒಳಗಡೆ ಕಂದು ಬಣ್ಣ. ಮಗುಚಿ ಹಾಕಿದ್ರೆ ಮರವೇ. ಬೇಕಾ?"

ಮೊಸಳೆ ದೊಡ್ಡದು, ಹುಡುಗಿ ಸಣ್ಣದು. ಅವಳು ಸೂಜಿ ಹಿಡಿದು ಭುಜ, ಪಕ್ಕೆ ಎಲ್ಲ ಬಿಗಿ ಮಾಡಿದಳು. ಹೊಲಿಗೆ ಅವಳಮ್ಮ ಕಲಿಸಿದ್ದು, ಇರುವೆ ಸಾಲಿನ ಹಾಗೆ ಒತ್ತಾಗಿ. ನಾಟಕದ ದಿನ ಮರ ಚೆನ್ನಾಗಿಯೇ ಅಲ್ಲಾಡಿತು.

ಮೊಸಳೆಯನ್ನು ಹಿಂದಿರುಗಿಸಲು ಹೋದಾಗ ಕಿರೀಟದಮ್ಮ ಹೊಲಿಗೆಯ ಉದ್ದಕ್ಕೂ ಹೆಬ್ಬೆರಳು ಆಡಿಸಿದರು.

"ಯಾರೇ ಇದನ್ನ ಹೊಲಿದಿದ್ದು?"

"ನಾನೇ."

"ಮೊಸಳೆಗೆ ಮದುವೆ ಮಾಡಿಬಿಟ್ಟಿದೀಯಲ್ಲೇ! ಇದು ಮದುವೆ ಹೊಲಿಗೆ, ಒಂದ್ಸಲ ಹಾಕಿದ್ರೆ ಬಿಡಲ್ಲ. ಈ ಅಂಗಡಿ ಬಟ್ಟೆಗೆ ಹಾಕಬೇಕಾದ್ದು ನೆಂಟರ ಹೊಲಿಗೆ. ಬಂದಿದ್ದೂ ಗೊತ್ತಾಗಬಾರದು, ಹೋಗಿದ್ದೂ ಗೊತ್ತಾಗಬಾರದು. ಕೂತ್ಕೊ, ಬಿಚ್ಚಿಟ್ಟು ಹೋಗು."

ಆ ಅಂಗಡಿಯ ನಡವಳಿಕೆಯೇ ಅದು. ಬಟ್ಟೆಗೆ ಕತ್ತರಿ ತಾಗಿಸುವಂತಿಲ್ಲ. ದೊಡ್ಡದಾದರೆ ಒಳಕ್ಕೆ ಮಡಚಿ, ಉದ್ದುದ್ದ ಎಳೆ ಹಾಕಿ, ತುದಿಗೆ ಗಂಟು ಕಟ್ಟದೆ ಬಿಡಬೇಕು. ವಾಪಸ್ ಬಂದ ಮೇಲೆ ಒಂದು ಸಲ ಎಳೆದರೆ ದಾರ ಪೂರ್ತಿ ಕೈಗೆ ಬರಬೇಕು. ಇವತ್ತಿನ ಬಡಕಲು ಮಂತ್ರಿಯ ಅಂಗಿಯೇ ನಾಳೆ ಹೊಟ್ಟೆ ಬಿಟ್ಟ ಸೇನಾಪತಿಗೂ ಆಗಬೇಕಲ್ಲ.

ಬೀದಿಯ ದೀಪ ಹತ್ತುವವರೆಗೆ ಅವಳು ಬಿಚ್ಚುತ್ತ ಕೂತಳು. ಕಿರೀಟದಮ್ಮ ಮೊಸಳೆಯನ್ನು ದೀಪಕ್ಕೆ ಹಿಡಿದು ತೂತು ಹುಡುಕಿದರು. ಒಂದೂ ಸಿಗಲಿಲ್ಲ.

"ನಾಳೆ ಬಾ. ಈ ಸೀಸನ್ ಮುಗಿಯೋವರೆಗೂ ಇರು. ಆಮೇಲೆ ನೋಡೋಣ."

ಚಳಿಗಾಲ ಶಾಲೆಗಳದ್ದು. ಮೊಲ, ಚಿಟ್ಟೆ, ಹಣ್ಣು, ತರಕಾರಿ ಎಲ್ಲ ಮೆಟ್ಟಿಲ ಮೇಲೆ ತಾಯಂದಿರ ಜೊತೆ ಸಾಲು ನಿಲ್ಲುತ್ತಿದ್ದವು. ಬೇಸಿಗೆ ನಾಟಕದವರದ್ದು. ಅವರು ಹೋದ ಮೇಲೆ ರಾಜರ ಕಂಕುಳಿನ ಬೆವರು ತೊಳೆಯುವುದೇ ಒಂದು ಕೆಲಸ. ಮಳೆಗಾಲ ಯಾರದ್ದೂ ಅಲ್ಲ. ಗಿರಾಕಿ ಇಲ್ಲ, ಬಿಸಿಲಿಲ್ಲ. ಗಡ್ಡಗಳಿಗೆ ಬೂಷ್ಟು ಹಿಡಿಯದಂತೆ ಬಾಚಿ, ಒಲೆಯ ಶಾಖಕ್ಕೆ ಹಿಡಿಯುತ್ತ ಕೂರಬೇಕು. ಅವಳಿಗೆ ಹೆದರಿಕೆ ಇದ್ದದ್ದು ಆ ತಿಂಗಳುಗಳದ್ದೇ. ಮೊದಲ ಬೇಸಿಗೆಯಲ್ಲೇ ಅತ್ತಿಗೆ, "ಹೇಗೂ ಇಡೀ ದಿನ ರಾಕ್ಷಸರ ಜೊತೆ ಇರ್ತೀಯ, ಮಲಗೋದೂ ಅಲ್ಲೇ ಮಾಡ್ಕೊ" ಎಂದಿದ್ದಳು. ಅಂಗಡಿಯ ಹಿಂದೆ ಮರದ ಕತ್ತಿಗಳನ್ನು ಇಡುವ ಸಣ್ಣ ಕೋಣೆಯಿತ್ತು. ಕತ್ತಿಗಳನ್ನು ಮೂಲೆಗೆ ಒರಗಿಸಿ ಅವಳು ಹಾಸಿಗೆ ಬಿಚ್ಚಿದಳು. ಬೆಳಗ್ಗೆ ಅದನ್ನು ಸುತ್ತಿಡು ಎಂದು ಯಾರೂ ಹೇಳಲಿಲ್ಲ. ಆದರೂ ಸುತ್ತಿಡುತ್ತಿದ್ದಳು. ಪ್ರತಿ ಸೀಸನ್ನಿನ ಕೊನೆಗೆ, "ನಾನು ಇರೋದಾ ಅಮ್ಮಾ?" ಎಂದು ಕೇಳುವಳು. "ಮುಂದಿನ ಸೀಸನ್ ಆಗಲಿ, ನೋಡೋಣ" ಎಂಬ ಉತ್ತರ ಬರುವುದು. ಕೆಲಸ ಹೋದರೆ ಕೋಣೆಯೂ ಹೋಗುತ್ತದೆ. ವರ್ಷಗಳು ಹಾಗೆ ನೋಡುತ್ತ ನೋಡುತ್ತಲೇ ಕಳೆದವು.

ಒಮ್ಮೆಯಂತೂ ತನ್ನ ಕಥೆ ಮುಗಿಯಿತೆಂದೇ ಅಂದುಕೊಂಡಳು. ಆ ಅಂಗಡಿಯಲ್ಲಿ ಮನುಷ್ಯರಿಗೆ ಹೆಸರಿರಲಿಲ್ಲ. ಯಾವ ಬಟ್ಟೆ ಒಯ್ದರೋ ಅದೇ ಹೆಸರು. "ಎರಡನೇ ರಾಜ ಫೋನ್ ಮಾಡಿದ್ದ", "ಕರಡಿಯಮ್ಮ ಇನ್ನೂ ಬಂದಿಲ್ಲ", ಹೀಗೆ. ಒಂದು ಮಧ್ಯಾಹ್ನ ಒಬ್ಬ ಪೊಲೀಸ್ ಮೆಟ್ಟಿಲು ಹತ್ತಿ ಬಂದ. ಹಿಂದಿನ ವಾರ ಹೋದ ಪೊಲೀಸ್ ಬಟ್ಟೆ ಒಂದು ಬರುವುದಿತ್ತು.

"ಇಷ್ಟು ತಡ ಮಾಡೋದಾ? ಬೆಲ್ಟ್ ಬಿಚ್ಚಿ, ಟೋಪಿ ಇಲ್ಲಿಡಿ" ಎಂದವಳೇ ಅಂಗಡಿಯ ಕೆಂಪು ದಾರದ ಗುರುತು ಹುಡುಕಲು ಅವನ ಕಾಲರನ್ನು ಮಗುಚಿದಳು. ಅವನು ಬೆಚ್ಚಿ ಹಿಂದೆ ಸರಿದ. ಹಳೆಯ ಕಾಲರು ಪರ್ ಎಂದು ಅವಳ ಕೈಗೇ ಬಂತು.

"ಏನಮ್ಮಾ ಇದು! ಪೊಲೀಸಿನ ಮೇಲೇ ಕೈ ಮಾಡ್ತೀರಾ? ದಾರೀಲಿ ಹೋಗೋರ ತಲೆ ಮೇಲೆ ನಿಮ್ಮ ದೆವ್ವಗಳು ತೊಟ್ಟಿಕ್ತಾ ಇದಾವೆ ಅಂತ ಹೇಳೋಕೆ ಬಂದೆ ನಾನು."

ಒಳಗಿಂದ ಕಿರೀಟದಮ್ಮ ಇಣುಕಿದರು. "ಬಿಡೇ ಅವರನ್ನ. ಅವರು ನಮ್ಮವರಲ್ಲ, ಅಸಲಿ."

ಅವಳು ಕಾಲರನ್ನು ಕೈಯಲ್ಲಿ ಹಿಡಿದೇ ಕಿಟಕಿಗೆ ಓಡಿದಳು. ಕಿಟಕಿಯಲ್ಲಿ ಒಣಹಾಕಿದ್ದ ದೆವ್ವಗಳನ್ನು ಒಳಗೆ ಎಳೆದು, ಪೊಲೀಸನನ್ನು ಸ್ಟೂಲಿನ ಮೇಲೆ ಕೂರಿಸಿ, ಕಾಲರಿಗೆ ಸೂಜಿ ಹಾಕಿದಳು. ಎಷ್ಟೋ ವರ್ಷದ ಅಭ್ಯಾಸ, ಕೈ ತನ್ನಷ್ಟಕ್ಕೆ ಉದ್ದ ಎಳೆ ತೆಗೆಯಿತು.

"ನೆಂಟರ ಹೊಲಿಗೆ ಬೇಡ ಕಣೆ, ಮದುವೆ ಹೊಲಿಗೆ ಹಾಕು. ಆ ಬಟ್ಟೆ ನಮಗೆ ವಾಪಸ್ ಬರಲ್ಲ" ಎಂದು ಕಿರೀಟದಮ್ಮ ಕೂಗಿದರು. ಅವನು ಮೆಟ್ಟಿಲು ಇಳಿದ ಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವರು ನಕ್ಕದ್ದನ್ನು ಅವಳು ಕಂಡದ್ದು ಅದೇ ಮೊದಲು. ಧೈರ್ಯ ಬಂದು, "ಹಾಗಾದ್ರೆ ನಾನು ಇರ್ತೀನಲ್ಲಮ್ಮಾ?" ಎಂದಳು.

"ಮುಂದಿನ ಸೀಸನ್ ಆಗಲಿ, ನೋಡೋಣ."

ಕಿರೀಟದಮ್ಮನ ಕಾಲು ಊದಿಕೊಳ್ಳಲು ಶುರುವಾದದ್ದು ಒಂದು ಮಳೆಗಾಲದಲ್ಲಿ. ಮೆಟ್ಟಿಲು ಹತ್ತಿದರೆ ಏದುಸಿರು. ಮೈ ಇಳಿಯುತ್ತ ಬಂದು ನೀಲಿ ಕೋಟಿನೊಳಗೆ ಇನ್ನೊಬ್ಬರಿಗೂ ಜಾಗವಾಯಿತು. ಬೇರೆ ಊರಿನಲ್ಲಿದ್ದ ಅವರ ತಮ್ಮ ಬಂದು ಅಂಗಡಿಯೆಲ್ಲ ಸುತ್ತಿ ನೋಡಿದ. ಒಂದು ಸಿಂಹದ ತಲೆಯನ್ನು ಎತ್ತಿ, ಮೂಗು ಮುಚ್ಚಿಕೊಂಡು ಕೆಳಗಿಟ್ಟ.

"ಇದನ್ನೆಲ್ಲ ಯಾರಿಗಾದ್ರೂ ಸಾಗಹಾಕಿ ನಮ್ಮನೆಗೆ ಬಂದುಬಿಡಕ್ಕ. ಯಾರು ನೋಡ್ಕೋತಾರೆ ಇನ್ನು? ಆ ಹೆಂಗಸು ಯಾರು?"

"ಸೀಸನ್‌ಗೆ ಅಂತ ಬಂದೋಳು."

ಕೋಣೆಯಲ್ಲಿದ್ದ ಅವಳಿಗೆ ಅದು ಕೇಳಿಸಿತು. ಸುತ್ತಿಟ್ಟಿದ್ದ ಹಾಸಿಗೆಗೆ ಹಗ್ಗ ಬಿಗಿದು, ಇದ್ದ ಎರಡು ಸೀರೆಯನ್ನು ಚೀಲಕ್ಕೆ ತುಂಬಿ, ಹಾಸಿಗೆಯ ಮೇಲೇ ಕೂತಳು. ಅಣ್ಣನ ಮನೆಯ ನಡುಮನೆಯಲ್ಲಿ ಈಗ ದೊಡ್ಡದೊಂದು ಸೋಫಾ ಬಂದಿತ್ತು. ಜಾಗವಿರಲಿಲ್ಲ.

ಮರುದಿನ ಬೆಳಗ್ಗೆ ಗಾಡಿ ತರಲು ತಮ್ಮ ಹೋಗಿದ್ದ. ಕಿರೀಟದಮ್ಮ ಸ್ಟೂಲಿನ ಮೇಲೆ ಕೂತು ಅವಳನ್ನು ಕರೆದರು. ನೀಲಿ ಕೋಟನ್ನು ಬಿಚ್ಚಿ ತೊಡೆಯ ಮೇಲೆ ಇಟ್ಟುಕೊಂಡಿದ್ದರು. ಕೋಟಿಲ್ಲದೆ ಅವರು ಯಾರೋ ಬೇರೆಯವರ ಹಾಗೆ ಕಂಡರು.

"ಇದನ್ನ ಚಿಕ್ಕದು ಮಾಡ್ಬೇಕು."

ಪ್ರಯಾಣಕ್ಕೆ ಹಾಕಿಕೊಳ್ಳುತ್ತಾರೆ ಎಂದುಕೊಂಡು ಅವಳು ಅಳತೆಪಟ್ಟಿಯನ್ನು ಅವರ ಭುಜಕ್ಕೆ ಹಿಡಿಯಹೋದಳು. ಕಿರೀಟದಮ್ಮ ಅದನ್ನು ಕಸಿದುಕೊಂಡು, ಅವಳನ್ನೇ ತಿರುಗಿಸಿ ನಿಲ್ಲಿಸಿ, ಅವಳ ಭುಜಕ್ಕೆ ಹಿಡಿದರು.

"ಕಡ್ಡಿ ಹಾಗಿದೀಯ. ಊಟ ಗೀಟ ಮಾಡ್ತೀಯೋ ಇಲ್ವೋ?"

ಅವಳು ಕೋಟನ್ನು ತೆಗೆದುಕೊಂಡು ಪಕ್ಕೆಯನ್ನು ಒಳಕ್ಕೆ ಮಡಚಿದಳು. ದಾರ ಉದ್ದವಾಗಿ ತೆಗೆದಳು, ತುದಿಗೆ ಗಂಟು ಹಾಕಲಿಲ್ಲ.

"ಏನು ಮಾಡ್ತಿದೀಯ?"

"ನೆಂಟರ ಹೊಲಿಗೆ, ಅಮ್ಮಾ. ನೀವು ವಾಪಸ್ ಬಂದಾಗ..."

"ಯಾರು ಬರ್ತಾರೆ ವಾಪಸ್ಸು? ನಮ್ಮ ತಮ್ಮ ತಲೆ ತಿನ್ನೋಕೆ ಬಂದ್ರೆ ನೀನು ಇಲ್ಲಿಂದ ಏಳ್ಬೇಡ, ಅಂಗಡಿ ನೀನೇ ನೋಡ್ಕೋತೀಯ ಅಂತ ಅವನಿಗೆ ಹೇಳಿದೀನಿ. ಮದುವೆ ಹೊಲಿಗೆ ಹಾಕು. ಮಡಚಿದ್ರೆ ದಪ್ಪ ಆಗತ್ತೆ, ಕೆಲಸ ಮಾಡೋವಾಗ ಕಂಕುಳಿಗೆ ಒತ್ತತ್ತೆ. ಕತ್ತರಿಸಿ ತೆಗೆ."

ಆ ಅಂಗಡಿಯಲ್ಲಿ ಬಟ್ಟೆಗೆ ಕತ್ತರಿ ಹಾಕಿದ್ದನ್ನು ಅವಳು ಕಂಡಿರಲಿಲ್ಲ. ಕಿರೀಟದಮ್ಮ ತಾವೇ ಡ್ರಾಯರಿನಿಂದ ಕತ್ತರಿ ತೆಗೆದು ಅವಳ ಕೈಗಿಟ್ಟರು. ಕೆಳಗೆ ಗಾಡಿ ಬಂದು ನಿಂತ ಸದ್ದಾಯಿತು. ತಮ್ಮ ಮೆಟ್ಟಿಲು ಹತ್ತಿ ಬಂದು ಅಕ್ಕನ ತೋಳು ಹಿಡಿದ. ಬಾಗಿಲ ಹತ್ತಿರ ಕಿರೀಟದಮ್ಮ ನಿಂತು, ಒಮ್ಮೆ ಹಿಂದಿರುಗಿ ನೋಡಿದರು. ಕೋಟಿನ ಪಕ್ಕೆಯಿಂದ ಆಗಲೇ ಕತ್ತರಿಸಿ ಬಿದ್ದ ನೀಲಿ ತುಂಡೊಂದು ಅವಳ ಕಾಲ ಹತ್ತಿರವಿತ್ತು.

"ಅದನ್ನ ಬಿಸಾಡಬೇಡವೇ," ಎಂದರು. "ಮೊಲದ ಕಿವಿಗೆ ಆಗತ್ತೆ, ಎತ್ತಿಡು."