ಕಣದಲ್ಲಿ ಬರೆದ ದೋಣಿ

ಆಗೆಲ್ಲ ನಮ್ಮ ಕಡೆ ಯಾರೂ ಯಾವುದನ್ನೂ ಸುಮ್ಮನೆ ನಂಬುತ್ತಿರಲಿಲ್ಲ. ಹಾಲಿಗೆ ಬೆರಳು ಅದ್ದಿ ನೋಡುವುದು, ಪೇಟೆಯಿಂದ ತಂದ ಬೆಲ್ಲವನ್ನು ಮೂಸಿ ನೋಡುವುದು, ಆಕಾಶದಲ್ಲಿ ಮೋಡ ಕಂಡರೆ "ಇದೇನೂ ಸುರಿಯೂದಲ್ಲ ತಗೀ" ಅನ್ನುವುದು ನಮ್ಮ ದಿನಚರಿಯಾಗಿತ್ತು. ಮಾತು ಕೊಟ್ಟು ತಪ್ಪುವ ಮಳೆಯ ಜೊತೆ ಬಾಳಿದವರಿಗೆ ಇದು ಸಹಜವೇ. ಇಂಡಿಯಿಂದ ಸಾಲೋಟಗಿಗೆ ಹೋಗುವ ದಾರಿಯಲ್ಲಿ ನಮ್ಮ ಲಿಂಬೆ ತೋಟ, ತೋಟದ ಮಗ್ಗುಲಿಗೆ ಮನೆ. ಆ ಮನೆಯಲ್ಲಿ ಸಂಶಯದ ಹಿರಿತನ ನಮ್ಮ ಆಯಿಯದು, ಅಂದರೆ ಅಪ್ಪನ ತಾಯಿಯದು. ಆಕೆಯ ಮಗ್ಗುಲಲ್ಲೇ ಮಲಗಿ ಬೆಳೆದವಳು ನಾನು. ಹತ್ತು ವರ್ಷ ತುಂಬುವಷ್ಟರಲ್ಲಿ ನನಗೂ ಆ ವಿದ್ಯೆ ಚೆನ್ನಾಗಿಯೇ ಹತ್ತಿತ್ತು.

ತೊಂಬತ್ತರ ದಶಕದ ನಡುವಿನ ಒಂದು ದೀಪಾವಳಿ. ನಮ್ಮ ಸಣ್ಣ ಕಾಕಾ ಲಿಂಬೆಹಣ್ಣಿನ ಲಾರಿಯ ಜೊತೆ ಕಾರವಾರಕ್ಕೆ ಹೋಗಿ ಬಂದವನು, ಹುಚ್ಚು ಹಿಡಿದವನಂತೆ ಒಂದೇ ಮಾತು ಆಡತೊಡಗಿದ. ಅಲ್ಲಿ ಅವನಿಗೊಬ್ಬ ಮುದುಕ ತಾಂಡೇಲನ, ಅಂದರೆ ದೋಣಿ ನಡೆಸುವ ಯಜಮಾನನ, ಸ್ನೇಹವಾಗಿತ್ತಂತೆ. ಒಂದು ಕಾಲಕ್ಕೆ ಹಂಚು ಸಾಗಿಸುತ್ತಿದ್ದ ದೊಡ್ಡ ಹಾಯಿದೋಣಿ ಅವನದು. ಮಚವೆ ಅನ್ನುತ್ತಾರೆ. ಈಗ ಹಂಚೆಲ್ಲ ಲಾರಿಯಲ್ಲಿ ಹೋಗುವುದರಿಂದ ಮಚವೆ ಖಾಲಿ ನಿಂತಿತ್ತು. ಅದನ್ನು ಒಡೆದು ಮಾರುವ ಮೊದಲು ಕೊನೆಯ ಸಲ ಗೋಕರ್ಣದ ತನಕ ಹಾಯಿ ಬಿಚ್ಚಿ ಹೋಗಬೇಕೆಂದು ಮುದುಕನ ಆಸೆ. "ನಿಮ್ಮ ಮಂದಿಯನ್ನೂ ಕರೆದುಕೊಂಡು ಬನ್ನಿ, ದೇವರ ದರ್ಶನವೂ ಆಗ್ತದೆ" ಎಂದಿದ್ದನಂತೆ.

"ರೊಕ್ಕ ಎಷ್ಟಂತ?" ಆಯಿ ಕೇಳಿದಳು.

"ಪುಕ್ಕಟ ಅವ್ವಾ."

ಅಲ್ಲಿಗೆ ಕೆಲಸ ಕೆಟ್ಟಿತು. ಆಯಿ ಬಾಯಲ್ಲಿದ್ದ ಎಲೆ-ಅಡಿಕೆ ಅಗಿಯುವುದನ್ನು ನಿಲ್ಲಿಸಿದಳು. "ಬೆಳ್ಳಗಿದ್ದದ್ದೆಲ್ಲ ಹಾಲಲ್ಲೋ ಮಗನ. ಗುರುತಿಲ್ಲ, ಪರಿಚಯ ಇಲ್ಲ, ಪುಕ್ಕಟ ಕರ್ಕೊಂಡು ಹೋಗ್ತಾನಂದ್ರ ಏನೋ ಐತಿ. ನಡು ನೀರಾಗ ನಿಲ್ಲಿಸಿ ಕೊಳ್ಳಾಗಿನ ಬೋರಮಾಳ ಬಿಚ್ಚ್ರಿ ಅಂದ್ರ ಏನ್ಮಾಡ್ತಿ?"

ಆದರೆ ಗೋಕರ್ಣ ಅನ್ನುವ ಹೆಸರು ಆಕೆಯ ಕಿವಿಗೆ ಬಿದ್ದಾಗಿತ್ತು. ಓಣಿಯ ಭಜನೆಯ ಹೆಂಗಸರ ಕಿವಿಗೂ ಬಿದ್ದಿತು. ಮೂರ್ನಾಲ್ಕು ದಿನ ಬೈದಾಡಿ, ಕೊರಳಿನ ಬಂಗಾರವನ್ನೆಲ್ಲ ಮನೆಯಲ್ಲೇ ಬಿಟ್ಟು ಹೋಗುವುದೆಂದು ಗೊತ್ತುಮಾಡಿಕೊಂಡು, ಆಯಿ ಹೂಂ ಅಂದಳು.

ಮರುದಿನದಿಂದ ತಯಾರಿ. ಮನೆತುಂಬ ಜೋಳದ ಹಿಟ್ಟಿನ ಘಮ. ಅವ್ವ ಬಡಿದ ರೊಟ್ಟಿಗಳನ್ನು ಬಿಸಿಲಿಗೆ ಒಣಗಿಸಿ ಖಡಕ್ ಮಾಡಿ ಬಟ್ಟೆಯಲ್ಲಿ ಕಟ್ಟಿದ್ದಾಯಿತು. ಶೇಂಗಾ ಹಿಂಡಿ, ಅಗಸಿ ಹಿಂಡಿ, ಹಚ್ಚಿದ ಚುರುಮುರಿ, ಉಪ್ಪಿನಕಾಯಿ. ಕುಡಿಯುವ ನೀರನ್ನೂ ನಮ್ಮ ಬಾವಿಯಿಂದಲೇ ಕ್ಯಾನುಗಳಲ್ಲಿ ತುಂಬಿಕೊಂಡೆವು. "ಮೀನ ತಿನ್ನೂ ಮಂದಿ, ಕೊಡಪಾನ ಹೆಂಗ ತೊಳೀತಾರೋ ಏನೋ" ಎಂದು ಓಣಿಯ ಶಾಂತವ್ವ ತನ್ನ ನೀರನ್ನು ಬೇರೆಯೇ ಇಟ್ಟುಕೊಂಡಳು. ಆಕೆಗೆ ನಮ್ಮ ಬಾವಿಯ ಮೇಲೂ ಪೂರ್ತಿ ವಿಶ್ವಾಸವಿರಲಿಲ್ಲ.

ದೋಣಿಯಲ್ಲಿ ಕೂತು ಗೊತ್ತಿಲ್ಲದ ಮಂದಿ ಎದ್ದು ಓಡಾಡಿದರೆ ದೋಣಿ ಮಗುಚುತ್ತದೆಂದು ಕಾಕಾನಿಗೆ ಹೆದರಿಕೆ. ಅದಕ್ಕೇ ಒಂದು ಸಂಜೆ ಕಣವನ್ನು ಗುಡಿಸಿ, ಸುಣ್ಣದ ಪುಡಿಯಿಂದ ದೋಣಿಯ ಆಕಾರ ಬರೆದ. ನಡುವೆ ರಾಶಿ ಮಾಡುವಾಗಿನ ಮೇಟಿಕಂಬ ಇನ್ನೂ ಹಾಗೇ ಇತ್ತು. ಅದೇ ಹಾಯಿಯ ಕಂಬವಾಯಿತು. ಹೆಂಗಸರೆಲ್ಲ ಸೀರೆ ಎತ್ತಿ ಹಿಡಿದು, ಸುಣ್ಣದ ಗೆರೆ ಅಳಿಸದಂತೆ ದಾಟಿ ಒಳಗೆ ಹತ್ತಿದರು. ಯಾರು ಎಲ್ಲಿ ಕೂರಬೇಕೆಂದು ಆಯಿ ಹೇಳಿದಳು. ಮಾತು ಜಾಸ್ತಿ ಇದ್ದ ಶಾಂತವ್ವ ಹಿಂದಿನ ತುದಿಗೆ. ನಾನು ಆಯಿಯ ಕಾಲ ಬುಡದಲ್ಲಿ. ಕಾಕಾ ಹೋ ಎಂದು ಕೂಗಿದರೆ ಎಲ್ಲರೂ ತಲೆ ತಗ್ಗಿಸಬೇಕು, ಹಾಯಿಯ ಮರ ತಿರುಗುವಾಗ ಬಡಿಯಬಾರದಲ್ಲ. ಮೇಯ್ದು ಬಂದ ಎಮ್ಮೆಗಳು ದೋಣಿಯ ಮುಂದೆ ನಿಂತು ನಮ್ಮನ್ನೇ ನೋಡುತ್ತಿದ್ದವು. ನಾವು ಮಕ್ಕಳಂತೂ ನಕ್ಕು ನಕ್ಕು ಸಾಕಾದೆವು.

ಆ ದೋಣಿಯಲ್ಲಿ ಅವ್ವನಿಗೆ ಮಾತ್ರ ಜಾಗವಿರಲಿಲ್ಲ. "ಮನಿ ನೋಡೂದು ಯಾರು? ಹೈನ ಮಾಡೂದು ಯಾರು?" ಎಂದು ಆಯಿ ಮೊದಲೇ ತೀರ್ಮಾನ ಮಾಡಿದ್ದಳು. ಅವ್ವನ ತವರು ಭೀಮಾ ನದಿಯ ದಂಡೆಯ ಹಳ್ಳಿ. ಹುಡುಗಿಯಾಗಿದ್ದಾಗ ಹೊಳೆಯನ್ನು ಆಚೆ ದಂಡೆಯವರೆಗೆ ಈಜಿದವಳು. ನನ್ನ ತಲೆ ಬಾಚುವಾಗ ಒಮ್ಮೆ ಹೇಳಿದ್ದಳು, ಆಯಿಗೆ ಕೇಳಿಸದಷ್ಟು ಮೆಲ್ಲಗೆ. ಮದುವೆಯಾದ ಮೇಲೆ ಆಕೆ ಕಂಡ ನೀರು ಅಂದರೆ ಕೊಡದೊಳಗಿನದು ಮಾತ್ರ. ಆ ಸಂಜೆ ಹಿಟ್ಟಿನ ಕೈಯಲ್ಲೇ ಕಣದ ಅಂಚಿಗೆ ಬಂದು ನಿಂತು, "ಮುಂದಿನ ತುದಿ ಖರೇನೂ ಇಷ್ಟ ಚೂಪ ಇರ್ತೈತೇನ್ರಿ ಮೈದನರ?" ಎಂದು ಕೇಳಿದಳು. ಆಕೆಗೆ ಹೋಗಬೇಕಿತ್ತು. ಅದನ್ನು ಬಾಯಿಬಿಟ್ಟು ಹೇಳುವ ರೂಢಿ ನಮ್ಮ ಮನೆಯಲ್ಲಿರಲಿಲ್ಲ.

ಆಯಿ ನನ್ನ ಕಿವಿಯಲ್ಲಿ ಅಂದಳು: "ನಿಮ್ಮವ್ವ ಇಷ್ಟ್ಯಾಕ ಖುಷಿ ಆಗ್ಯಾಳ? ಹೊಳಿದಂಡಿ ಹೆಣ್ಣು. ನೋಡ್ತಿರು ಸ್ವಲ್ಪ."

ನಾನು ನೋಡಿದೆ. ಅವ್ವ ಖುಷಿಯಾಗಿರುವುದನ್ನು ನಾನು ಅಷ್ಟು ದಿಟ್ಟಿಸಿ ನೋಡಿದ್ದು ಅದೇ ಮೊದಲು.

ಕಾಕಾ ಬಲು ಚತುರ. ತಾಯಿಯ ಸಂಶಯಕ್ಕೆ ಸಂಶಯವೇ ಮದ್ದೆಂದು ಅವನಿಗೆ ಗೊತ್ತಿತ್ತು. ಹೊರಡುವ ಹಿಂದಿನ ದಿನ ಊಟಕ್ಕೆ ಕೂತಾಗ ಮೆಲ್ಲಗೆ ಕಡ್ಡಿ ಆಡಿಸಿದ. "ಅವ್ವಾ, ಒಂದು ವಿಚಾರ ಬಂತು ನೋಡು. ನಾವೆಲ್ಲಾರೂ ನೀರ ಮ್ಯಾಲ ಇರ್ತೀವಿ. ನಡೀಬಾರದ್ದು ನಡೀತಂದ್ರ ನಿನ್ನ ಟ್ರಂಕು, ಅದರ ಕೀಲಿಕೈ, ಮಂದಿ ನಮ್ಮಲ್ಲಿ ಇಟ್ಟ ಬಂಗಾರ, ಎಲ್ಲಾ ವೈನಿ ಕೈಯಾಗ, ನಿನ್ನ ಸೊಸಿ ಕೈಯಾಗ."

ಆಯಿಯ ತುತ್ತು ಅರ್ಧಕ್ಕೇ ನಿಂತಿತು. ಬಾಯಿಯಲ್ಲಿದ್ದುದನ್ನು ನುಂಗಿ, ಅಡಿಗೆಮನೆಯ ಕಡೆ ತಿರುಗಿ ಕೂಗಿದಳು: "ಏ, ನೀನೂ ಒಂದ ಸೀರಿ ಕಟ್ಟಿಕೊ. ಹೈನ ನನ್ನ ಮಗಾ ನೋಡ್ತಾನ."

ಒಳಗೆ ಪಾತ್ರೆಯ ಸದ್ದು ನಿಂತುಹೋಯಿತು. ಹೊರಡಲು ಚೀಲ ಕಟ್ಟಿಟ್ಟಿದ್ದ ಅಪ್ಪ ಪಾಪ, ಊಟ ಮುಗಿಸಿ ಅದನ್ನು ಬಿಚ್ಚಿದ.

ಮೆಟಡೋರಿನಲ್ಲಿ ಕಾರವಾರದ ಹತ್ತಿರದ ಆ ಮೀನುಗಾರರ ಊರನ್ನು ಮುಟ್ಟಿ, ತಂಗಿ, ಮರುದಿನ ಬೆಳಗಿನ ಹೊತ್ತಿಗೆ ದಂಡೆಗೆ ಬಂದೆವು. ಸಮುದ್ರ ನೋಡಿ ಎಲ್ಲರೂ ಬಾಯಿ ತೆರೆಯುತ್ತಾರೆ ಅನ್ನುತ್ತಾರೆ. ನಮ್ಮ ಮಂದಿ ಬಾಯಿ ಮುಚ್ಚಿಕೊಂಡರು. ಶಾಂತವ್ವ ಒಂದು ಬೆರಳು ಅದ್ದಿ ನೆಕ್ಕಿ, ಉಪ್ಪು ಖರೇ ಎಂದು ಖಾತ್ರಿ ಮಾಡಿಕೊಂಡು ಉಗುಳಿದಳು. ತಾಂಡೇಲ ಒಂದು ಕಿವಿಗೆ ಮಾತ್ರ ಬಂಗಾರದ ಕಡುಕು ಹಾಕಿದ್ದ, ಕಡಿಮೆ ಮಾತಿನ ಮುದುಕ. ನಕ್ಕರೆ ಯಾಕೆ ನಗುತ್ತಾನೆಂದು, ನಗದಿದ್ದರೆ ಯಾಕೆ ನಗುವುದಿಲ್ಲವೆಂದು ನನಗೆ ಅನುಮಾನ. "ಬೇಗ ಹತ್ತಿ. ನೆಲದ ಕಡೆಯಿಂದ ಬೀಸುವ ಗಾಳಿ ಬಿಸಿಲೇರಿದರೆ ನಿಲ್ತದೆ" ಎಂದ.

"ಅವಸರ ಯಾಕ ಮಾಡ್ತಾನ ಇಂವಾ?" ಆಯಿ ಅಂದಳು. "ಉಡಿ ತುಂಬದ ಹತ್ತೂದಿಲ್ಲ."

ನಮ್ಮಲ್ಲಿ ಹೊಳೆ ತುಂಬಿ ಬಂದಾಗ ಗಂಗವ್ವನಿಗೆ ಉಡಿ ತುಂಬುವುದು ರೂಢಿ. ಆಯಿ ಊರಿಂದಲೇ ಎಲ್ಲ ಸಾಮಾನು ತಂದಿದ್ದಳು. ಮೊರದಲ್ಲಿ ಅಕ್ಕಿ, ಹಸಿರು ಖಣ, ಬಳೆ, ಉತ್ತತ್ತಿ, ಅರಿಶಿನದ ಬೇರು, ತೆಂಗಿನಕಾಯಿ. ಭೀಮೆಯಲ್ಲಿ ಬಿಡುವಂತೆಯೇ ಪಾದ ಮುಳುಗುವಷ್ಟು ನೀರಲ್ಲಿ ನಿಂತು, ಸೆರಗು ಹೊದ್ದು, ಮೊರವನ್ನು ತೇಲಿಬಿಟ್ಟಳು. ಹೊಳೆಯಾಗಿದ್ದರೆ ಅದು ಕಣ್ಣಮುಂದೆಯೇ ಸಾಗಿ ಮರೆಯಾಗುತ್ತಿತ್ತು. ಇಲ್ಲಿ ಒಂದು ತೆರೆ ಬಂದು ಮೊರವನ್ನು ಮಗುಚಿತು. ಇನ್ನೊಂದು ತೆರೆ ಖಣವನ್ನೂ ಕಾಯಿಯನ್ನೂ ತಂದು ಆಯಿಯ ಪಾದದ ಮೇಲೆ ಇಟ್ಟಿತು. ಆಯಿ ಮತ್ತೆ ಬಿಟ್ಟಳು. ಮತ್ತೆ ಬಂತು.

ಕಡೆಗೆ ಶಾಂತವ್ವ, "ಒಲ್ಲೆ ಅಂತೈತಿ ನೋಡ್ರಿ" ಎಂದು ಮರಳಿನ ಮೇಲೆ ಕುಸಿದು ಕೂತಳು. ಉಳಿದವರೂ ಒಬ್ಬೊಬ್ಬರಾಗಿ ಕೂತರು.

"ಈಗ ಭರತಿ ಅಮ್ಮಾ, ನೀರು ಏರ್ತಾ ಇದೆ. ದಂಡೆಯಲ್ಲಿ ಬಿಟ್ಟದ್ದನ್ನೆಲ್ಲ ತಿರುಗಿ ತರ್ತದೆ. ಆಚೆ ಹೋದ ಮೇಲೆ ಬಿಡುವಾ" ಎಂದ ತಾಂಡೇಲ.

"ಹತ್ತಿಸಿಕೊಳ್ಳಾಕ ನೀ ಹಂಗ ಅಂತೀಯಪಾ" ಅಂದಳು ಆಯಿ. ತಿರುಗಿ ನಮ್ಮ ಮಂದಿಯನ್ನು ಒಬ್ಬೊಬ್ಬರನ್ನಾಗಿ ನೋಡತೊಡಗಿದಳು. ಯಾರಲ್ಲಿ ಯಾವ ಮೈಲಿಗೆ ಇದೆ, ಯಾರು ಮನಸ್ಸಿನಲ್ಲಿ ಏನು ಇಟ್ಟುಕೊಂಡು ಬಂದಿದ್ದಾರೆ ಎಂದು. ನೋಟ ಅವ್ವನ ಮೇಲೆ ಬಂದು ನಿಂತಿತು. ಈಗ ತಿರುಗಿ ಮೆಟಡೋರ್ ಹತ್ತಿದರೆ ಅವ್ವನ ಪಾಲಿಗೆ ಮತ್ತೆ ಕೊಡದ ನೀರೇ ಗತಿ. ಜೊತೆಗೆ, ಸಮುದ್ರ ಒಲ್ಲೆ ಅಂದದ್ದು ಆಕೆಯಿಂದಲೇ ಎಂಬ ಮಾತನ್ನೂ ಹೊತ್ತು ಬಾಳಬೇಕಿತ್ತು.

ಅವ್ವ ಬಗ್ಗಿ ಕಾಯಿಯನ್ನೂ ತೊಯ್ದ ಖಣವನ್ನೂ ಎತ್ತಿಕೊಂಡಳು. ಹಿಂಡಲಿಲ್ಲ. ಹಾಗೇ ಸೆರಗಿನಲ್ಲಿ ಹಾಕಿಕೊಂಡು, ನೆಲ ನೋಡುತ್ತ ಅಂದಳು: "ಒಲ್ಲೆ ಅಂದಿಲ್ರಿ ಅತ್ತ್ಯಾರ. ಅಕ್ಕಿ ಎಲ್ಲಾ ಇಟಗೊಂಡಾಳಲ್ಲ. ಉಡಿ ತುಂಬಿಸಿಕೊಂಡ ಹೆಣ್ಣು ಎಲ್ಲಾ ಬಾಚಿಕೊಂಡು ಹೋಗಬಾರದು, ತುಂಬಿದವರ ಮನಿ ಬರಿದಾಗಬಾರದಂತ ಒಂದಿಷ್ಟು ತಿರುಗಿ ಇಟ್ಟು ಹೋಗಬೇಕಲ್ರಿ."

"ಯಾರು ಹೇಳ್ಯಾರ ನಿನಗ ಇದನ್ನ?"

"ನೀವ ರೀ. ನಾ ಮೊದಲ ಸಲ ತವರಿಗಿ ಹೊಂಟಾಗ. ನಾ ಎಲ್ಲಾ ಕಟಗೊಂಡಿದ್ದೆ, ನೀವ ಬಿಚ್ಚಿಸಿ ಐದು ಕಾಳು ದೇವರ ಮುಂದ ಇಡಿಸಿದ್ರಿ."

ಆಯಿ ಬಗ್ಗಿ ಮರಳನ್ನು ನೋಡಿದಳು. ಅಕ್ಕಿಯ ಒಂದು ಕಾಳೂ ತಿರುಗಿ ಬಂದಿರಲಿಲ್ಲ, ಅದು ಕಣ್ಣಿಗೆ ಕಾಣುತ್ತಿತ್ತು. ಸೊಸೆಯನ್ನು ಸುಳ್ಳು ಮಾಡಬೇಕೆಂದರೆ ತನ್ನ ಮಾತನ್ನೇ ಸುಳ್ಳು ಮಾಡಬೇಕು. ಕೊನೆಗೆ ಸೀರೆ ಮೇಲಕ್ಕೆ ಸಿಕ್ಕಿಸಿಕೊಂಡಳು. "ಹತ್ತ್ರಿ. ಆದ್ರ ಈಕಿ ನನ್ನ ಬಾಜೂಕ ಕೂಡ್ಬೇಕು. ಈಜು ಬರೂ ಹೆಣ್ಣು, ಜಿಗಿದ್ರ ಜಿಗದಾಳು."

ಈಜಿನ ವಿಷಯ ಆಯಿಗೆ ಮೊದಲಿನಿಂದಲೂ ಗೊತ್ತಿತ್ತು.

ಮೊಳಕಾಲು ನೀರಿನಲ್ಲಿ ನಡೆದು ಹಲಗೆ ಹತ್ತಿ, ಕಣದಲ್ಲಿ ಕಲಿತಂತೆ ಕೂತೆವು. ಆಯಿ ಅವ್ವನ ಮಣಿಕಟ್ಟನ್ನು ಬಳೆಗಳ ಸಮೇತ ಬಿಗಿಹಿಡಿದಳು. ತಾಂಡೇಲ ಏನೋ ಕೂಗಿದ. ಕಂದು ಬಣ್ಣದ ಹಾಯಿ ಮೇಲೇರಿ, ಒಮ್ಮೆ ಪಟಪಟನೆ ಬಡಿದುಕೊಂಡು, ಗಾಳಿ ತುಂಬಿಕೊಂಡಿತು. ದೋಣಿ ಒಂದು ಮಗ್ಗುಲಿಗೆ ವಾಲಿತು. ಕಣದ ದೋಣಿ ಯಾವತ್ತೂ ವಾಲಿರಲಿಲ್ಲ! ಕಲಿತ ಜಾಗವೆಲ್ಲ ಮರೆತು ಒಬ್ಬರ ತೊಡೆಯ ಮೇಲೆ ಒಬ್ಬರು ಬಿದ್ದರು. ಶಾಂತವ್ವ ದೇವರ ಹೆಸರಿನ ಜೊತೆ ಕಾಕಾನ ಹೆಸರನ್ನೂ ಸೇರಿಸಿ ಬೈದಳು. ಹೊಟ್ಟೆ ತೊಳಸಿದವರಿಗೆ ನಮ್ಮ ತೋಟದ ಲಿಂಬೆಹಣ್ಣು ಹಂಚಿದ್ದಾಯಿತು. ಎಲ್ಲರೂ ಮೂಗಿಗೆ ಲಿಂಬೆ ಹಿಡಿದು ತಾಂಡೇಲನನ್ನೇ ದುರುಗುಟ್ಟಿ ನೋಡುತ್ತಿದ್ದರು.

ಅಲೆಗಳ ಆಚೆ ಹೋದ ಮೇಲೆ ಅವ್ವ ತೆಂಗಿನಕಾಯಿಯನ್ನು ಬಿಟ್ಟಳು. ಅದು ಹಿಂದೆ ಹಿಂದೆ ಉಳಿಯುತ್ತ ಹೋಯಿತು. ಗಾಳಿಗೆ ಆಕೆಯ ತಲೆಯ ಮೇಲಿನ ಸೆರಗು ಜಾರಿತು. ಊರಲ್ಲಾಗಿದ್ದರೆ "ಸೆರಗು!" ಎಂಬ ಒಂದೇ ಮಾತು ಚಾಟಿಯಂತೆ ಬರುತ್ತಿತ್ತು. ಆಯಿ ನೋಡಿದಳು. ಒಂದು ಕೈ ಮಣಿಕಟ್ಟಿನ ಮೇಲೆ, ಇನ್ನೊಂದು ಕೈಯಲ್ಲಿ ಲಿಂಬೆ. ಸೆರಗು ಎಳೆಯಲು ಆಕೆಗೆ ಮೂರನೆಯ ಕೈ ಇರಲಿಲ್ಲ. ಅವ್ವ ಮುಂದಿನ ಚೂಪು ತುದಿಯನ್ನೇ ನೋಡುತ್ತ ಕೂತಿದ್ದಳು. ಆಕೆಯ ಕಣ್ಣಲ್ಲಿ ನೀರಿತ್ತು. ಗಾಳಿಗೆ ಬಂದದ್ದೋ ಏನೋ, ನನಗೆ ಆಗಲೂ ಸಂಶಯ, ಈಗಲೂ ಸಂಶಯ.

ಆಯಿ ಹೋಗಿ ಬಹಳ ಕಾಲವಾಯಿತು. ಮಚವೆಯನ್ನು ಆ ವರ್ಷವೇ ಒಡೆದರಂತೆ. ಕಣದ ಜಾಗದಲ್ಲಿ ಈಗ ಟ್ರ್ಯಾಕ್ಟರ್ ನಿಲ್ಲುತ್ತದೆ. ಹೋದ ಚಳಿಗಾಲ ಅವ್ವನನ್ನು ಅದೇ ದಂಡೆಗೆ ಕರೆದುಕೊಂಡು ಹೋಗಿದ್ದೆ. ಆಗಿನ ಆಯಿಗಿಂತ ಈಗ ಅವ್ವನಿಗೇ ವಯಸ್ಸು ಹೆಚ್ಚು. ಯಂತ್ರದ ದೋಣಿ, ಸಾಲಾಗಿ ಕುರ್ಚಿ. ಗಾಳಿ ಯಾವ ಕಡೆಯದೆಂದು ಫೋನು ಹೇಳುತ್ತದೆ. ಯಾರು, ಎಲ್ಲಿಗೆ, ಯಾಕೆ ಎಂದು ಯಾರನ್ನೂ ಯಾರೂ ಕೇಳಲಿಲ್ಲ. ಒಬ್ಬ ಹುಡುಗ ಬಂದು ಎಲ್ಲರಿಗೂ ಕಿತ್ತಳೆ ಬಣ್ಣದ ದಪ್ಪ ಜಾಕೆಟ್ ತೊಡಿಸಿ, ಟಕ್ಕೆಂದು ಬಿಗಿದು ಹೋದ. ಪ್ರತಿಯೊಬ್ಬರೂ ತಂತಮ್ಮ ಕುರ್ಚಿಯಲ್ಲಿ ಕೂತು ಫೋಟೋ ತೆಗೆದುಕೊಳ್ಳುತ್ತಿದ್ದರು. ನಾನೂ ತೆಗೆದುಕೊಳ್ಳುತ್ತಿದ್ದೆ.

ಅವ್ವ ತನ್ನ ಎಡ ಮಣಿಕಟ್ಟನ್ನು ಬಲಗೈಯಲ್ಲಿ ತಾನೇ ಹಿಡಿದುಕೊಂಡು ಸುತ್ತಲೂ ನೋಡಿದಳು. ಆಮೇಲೆ ನನ್ನ ಕಡೆ ವಾಲಿ ಕೇಳಿದಳು: "ಇದನ್ನ ಕಟ್ಟಿದ ಮ್ಯಾಲ ಯಾರೂ ಯಾರ ಕೈನೂ ಹಿಡಿಯೂದಿಲ್ಲೇನ?"