ದೀಪ ಆರಿಸುವ ಕೈ

ನಂಬುವುದಾದರೆ ನಂಬಿ, ಇಲ್ಲದಿದ್ದರೆ ಬಿಡಿ. ಕೆಂಗೇರಿಯ ಆ ಮನೆಯಲ್ಲಿ ಆ ರಾತ್ರಿ ನಾನೊಬ್ಬಳೇ ಇರಲಿಲ್ಲ. ಪುಷ್ಪಾ ಇದ್ದಳು. ಫೋನಿನ ಆ ಕಡೆ ಅವಳ ತಮ್ಮ ಮೋಹನ ಇದ್ದ. ಮೂವರಿಗೂ ಒಟ್ಟಿಗೆ ಭ್ರಮೆಯಾಯಿತು ಎನ್ನುವವರ ಜೊತೆ ವಾದ ಮಾಡಲು ನನಗೆ ಪುರುಸೊತ್ತಿಲ್ಲ.

ನಾನು ರಾಜಾಜಿನಗರದ ಒಂದು ಪ್ರೆಸ್ಸಿನಲ್ಲಿ ಕರಡು ತಿದ್ದುತ್ತೇನೆ. ರಜೆ ಸಿಕ್ಕಾಗಲೆಲ್ಲ ನಾವು ಕೆಲವು ಗೆಳತಿಯರು ಸೇರಿ ಹಳೆಯ ಡೈರಿ, ಕಾಗದ, ಮನೆಖರ್ಚಿನ ಪುಸ್ತಕಗಳನ್ನು ಕೂಡಿಡುತ್ತೇವೆ. ದೊಡ್ಡವರದ್ದಲ್ಲ. ಹಾಲು ಒಡೆದದ್ದು, ಮಗುವಿಗೆ ಹಲ್ಲು ಬಂದದ್ದು, ನಲ್ಲಿಯಲ್ಲಿ ನೀರು ಬಾರದ್ದು ಬರೆದಿಟ್ಟವರದ್ದು. ಬಸವೇಶ್ವರನಗರದ ಒಂದು ಮಹಡಿ ಕೋಣೆ ಈಗ ಅವುಗಳಿಂದಲೇ ತುಂಬಿದೆ. "ಇದನ್ನೆಲ್ಲ ಯಾರ್ ಓದ್ತಾರೆ?" ಎಂದು ಕೇಳದವರೇ ಇಲ್ಲ. ನಾವು ಓದುತ್ತೇವೆ.

ಪುಷ್ಪಾ ವಿಜಯನಗರದ ಒಂದು ಬ್ಯಾಂಕಿನಲ್ಲಿ ಕ್ಯಾಷಿಯರ್. ಒಂದು ಸಂಜೆ ನನಗೆ ಫೋನ್ ಮಾಡಿದಳು.

"ಮೇಡಂ, ಅಮ್ಮ ಹೋಗಿ ವರ್ಷ ಆಯ್ತು. ಕೆಂಗೇರಿ ಮನೆ ಮಾರಾಯ್ತು. ಅಮ್ಮನ ಡೈರಿಗಳನ್ನ ನನ್ ತಮ್ಮ ರದ್ದಿಗೆ ಹಾಕ್ತಾನಂತೆ. ನಾಳೆ ಬೆಳಿಗ್ಗೆ ಟೆಂಪೋ ಬರುತ್ತೆ. ಇವತ್ತೇ ಬರ್ತೀರಾ?"

"ತಮ್ಮ ಒಪ್ಪಿದಾರಾ?"

"ಇಲ್ಲ. ಅಪ್ಪ ಬದುಕಿರುವಾಗ ಮನೆ ವಿಷಯ ಹೊರಗೆ ಹೋಗೋದು ಬೇಡ ಅಂತಾನೆ. ಅವಳು ನಂಗೂ ಅಮ್ಮ ಅಲ್ವಾ? ನಾನು ಕೊಡ್ತೀನಿ."

ಅವಳ ಅಪ್ಪನಿಗೆ ಲಕ್ವ ಹೊಡೆದಿತ್ತು. ಬಲಗೈ ಸತ್ತುಹೋಗಿ, ಮಾತೂ ನಿಂತು, ಬ್ಯಾಡರಹಳ್ಳಿಯಲ್ಲಿ ಮೋಹನನ ಮನೆಯಲ್ಲಿ ಮಲಗಿದ್ದರು. ಇಷ್ಟನ್ನು ಪುಷ್ಪಾ ದಾರಿಯಲ್ಲೇ ಹೇಳಿದ್ದಳು. ದಯವಿಟ್ಟು ನೆನಪಿಡಿ... ಅವರು ಬದುಕಿದ್ದರು.

ಹಳೇ ಕೆಂಗೇರಿಯ ಓಣಿಯೊಂದರ ಕೊನೆಯಲ್ಲಿ ಹೆಂಚಿನ ಮನೆ. ಸಾಮಾನೆಲ್ಲ ಸಾಗಿಸಿ ಬರಿದಾಗಿತ್ತು. ನಡುಮನೆಯಲ್ಲಿ ಒಂದು ಬಲ್ಬು, ಬಾಗಿಲ ಪಕ್ಕ ಕಪ್ಪು ಗುಂಡಿಯ ಹಳೆಯ ಸ್ವಿಚ್ಚು, ಗೋಡೆಗೆ ಒರಗಿಸಿಟ್ಟ ಕಬ್ಬಿಣದ ಟ್ರಂಕು. ಟ್ರಂಕಿನ ಮುಚ್ಚಳ ಎತ್ತಿದಾಗ ನುಸಿಗುಳಿಗೆಯ ವಾಸನೆ ಮೂಗಿಗೆ ಬಡಿಯಿತು. ಒಳಗೆ ರಟ್ಟಿನ ಡೈರಿಗಳು. ಯಾವುದೋ ಅಂಗಡಿಯವರು ಹೊಸ ವರ್ಷಕ್ಕೆ ಹಂಚಿದ ಡೈರಿಗಳವು.

ತಂದಿದ್ದ ಡಬ್ಬಗಳಿಗೆ ತುಂಬುವ ಮೊದಲು ಒಂದನ್ನು ತೆರೆದು ಗಟ್ಟಿಯಾಗಿ ಓದಿದೆ. "ಬೆಳಿಗ್ಗೆ ಅವರೆಕಾಳು ಬಿಡಿಸಿದೆ. ಮೋಹನ ಒಂದು ಹಿಡಿ ಹಸಿಯಾಗಿಯೇ ತಿಂದ. ಪಕ್ಕದ ಮನೆಯ ಹುಡುಗಿ ಹೊಸ ಸೈಕಲ್ ತಂದು ತೋರಿಸಿದಳು. ನನಗೂ ಒಮ್ಮೆ ಓಡಿಸಬೇಕು ಅನ್ನಿಸಿ..."

ಅಲ್ಲಿಗೇ ನಿಂತಿತ್ತು. ಮುಂದಿನ ಪುಟದಲ್ಲಿ ಬೇರೆ ದಿನ, ಬೇರೆ ಅಡುಗೆ. ಮತ್ತಷ್ಟು ತಿರುವಿದೆ. ಎಷ್ಟೋ ದಿನಗಳು ಹೀಗೇ ಅರ್ಧ ವಾಕ್ಯಕ್ಕೆ ನಿಂತಿದ್ದವು.

"ಯಾಕೆ ಹೀಗೆ?" ಎಂದೆ.

"ಅಪ್ಪ ಲೈಟ್ ಆರಿಸ್ಬಿಡ್ತಿದ್ರು," ಎಂದಳು ಪುಷ್ಪಾ. "ಎಲ್ರೂ ಮಲಗಿದ್ಮೇಲೆ ಅಮ್ಮ ಇಲ್ಲೇ ಕೂತು ಬರೀತಿದ್ಳು. ಅಪ್ಪ ಎದ್ದು ಬರೋರು. ಬೈತಿರ್ಲಿಲ್ಲ, ಹೊಡೀತಿರ್ಲಿಲ್ಲ. ಏನ್ ಮಹಾ ಬರೀತೀಯ, ಮಲಗು ಅಂತ ಹೇಳಿ..."

ಟಕ್.

ಕತ್ತಲು.

ಕರೆಂಟ್ ಹೋಯಿತೆಂದುಕೊಂಡೆ. ಆದರೆ ಕಿಟಕಿಯಾಚೆ ಬೀದಿದೀಪ ಉರಿಯುತ್ತಿತ್ತು, ಎದುರು ಮನೆಯಿಂದ ಟೀವಿಯ ಸದ್ದು ಬರುತ್ತಿತ್ತು. ಮೊಬೈಲ್ ಬೆಳಕಿನಲ್ಲಿ ನೋಡಿದರೆ ಸ್ವಿಚ್ಚಿನ ಗುಂಡಿ ಮೇಲಕ್ಕೆ ಎದ್ದಿತ್ತು. ಹಳೆಯ ಸ್ಪ್ರಿಂಗು, ಜಾರಿರಬೇಕು. ಹೋಗಿ ಒತ್ತಿದೆ. ಅದು ಎಷ್ಟು ಬಿಗಿಯಾಗಿತ್ತೆಂದರೆ ಹೆಬ್ಬೆರಳು ನೋಯಿತು.

ಹಿಂದಿರುಗಿ ಕೂತು ಮತ್ತೊಂದು ಪುಟ ಓದತೊಡಗಿದೆ. ಗಾಳಿಯಲ್ಲಿ ಏನೋ ಘಾಟು... ನಶ್ಯದ ಘಾಟು. "ಅಪ್ಪನ ನಶ್ಯ," ಎಂದು ಪುಷ್ಪಾ ಮೂಗು ಮುಚ್ಚಿಕೊಂಡಳು. ಬರಿಗಾಲು ಸಿಮೆಂಟ್ ನೆಲದ ಮೇಲೆ ಎಳೆದುಕೊಂಡು ಬರುವ ಸದ್ದು, ನಿಧಾನವಾಗಿ, ಮಲಗುವ ಕೋಣೆಯ ಕಡೆಯಿಂದ. ಬಾಗಿಲವರೆಗೆ ಬಂದು ನಿಂತಿತು.

ಟಕ್.

"ಪುಷ್ಪಾ," ಪಿಸುಗುಟ್ಟಿದೆ, "ನಿಮ್ಮಪ್ಪ ಬ್ಯಾಡರಹಳ್ಳೀಲಿ ಇದಾರೆ ಅಂದ್ರಲ್ಲಾ?"

"ಹೂಂ ಮೇಡಂ. ಮಂಚದ ಮೇಲೆ." ಅವಳು ನನ್ನ ಮುಂಗೈ ಹಿಡಿದುಕೊಂಡಳು. "ಅದಕ್ಕೇ ನಂಗೆ ಭಯ ಆಗ್ತಿರೋದು."

ಅಷ್ಟರಲ್ಲಿ ಅವಳ ಫೋನ್ ಹೊಡೆದುಕೊಂಡಿತು. ಇಬ್ಬರೂ ಕಿರುಚಿದೆವು. ಮೋಹನ.

"ಅಕ್ಕಾ, ಎಲ್ಲಿದೀಯ?" ಅವನು ಏದುಸಿರು ಬಿಡುತ್ತಿದ್ದ. "ಅಪ್ಪನ ಬಲಗೈ ಎದ್ದಿದೆ ಕಣೇ. ಸ್ಟ್ರೋಕ್ ಆದ್ಮೇಲೆ ಒಂದ್ ಬೆರಳೂ ಆಡಿರ್ಲಿಲ್ಲ. ಈಗ ಗೋಡೆ ತಡಕ್ತಾ ಇದಾರೆ. ಏನೋ ಹುಡುಕೋ ಹಾಗೆ... ಮೇಲಕ್ಕೆ, ಮೇಲಕ್ಕೆ ತಳ್ತಾರೆ. ನಾನು ಹಿಡಿದ್ರೂ ನಿಲ್ತಿಲ್ಲ. ಡಾಕ್ಟರಿಗೆ ಫೋನ್ ಮಾಡಿದೀನಿ."

ಪುಷ್ಪಾ ಬಾಗಿಲ ಕಡೆ ನೋಡಿದಳು. ಆಮೇಲೆ ಹೇಳಿದಳು, "ಕೆಂಗೇರಿ ಮನೇಲಿ ಇದೀನಿ. ಅಮ್ಮನ ಡೈರಿ ಓದ್ತಾ ಇದೀವಿ."

"ನಿಲ್ಸು," ಎಂದ ಮೋಹನ. "ಕೈ ಮುಗೀತೀನಿ, ನಿಲ್ಸಕ್ಕಾ."

ನಿಜ ಹೇಳುತ್ತೇನೆ, ನನಗೂ ಎದ್ದು ಓಡಬೇಕೆನಿಸಿತ್ತು. ಬಾಗಿಲಲ್ಲಿ ನಿಂತದ್ದು ಕದಲಿರಲಿಲ್ಲ. ಅದರ ಉಸಿರು ನನಗೆ ಕೇಳುತ್ತಿತ್ತು. ಆದರೆ ಮಡಿಲಲ್ಲಿ ಆ ಹೆಂಗಸಿನ ಡೈರಿ ಇತ್ತು. ಅರ್ಧಕ್ಕೆ ನಿಂತ ಅಷ್ಟೊಂದು ಸಾಲುಗಳಿದ್ದವು. ಎಲ್ಲಿಂದಲೋ ನನಗೆ ಕೆಟ್ಟ ಸಿಟ್ಟು ಬಂತು. ಅಷ್ಟು ವರ್ಷ ಅವಳ ಬಾಯಿ ಮುಚ್ಚಿಸಿದ್ದು ಸಾಲದೆ ಈಗಲೂ?

ನನಗಿಂತ ಮೊದಲು ಪುಷ್ಪಾ ಎದ್ದು ನಿಂತಳು. "ನಿಲ್ಸಲ್ಲ ಕಣೋ. ಫೋನು ಸ್ಪೀಕರಿಗೆ ಹಾಕಿ ಅಪ್ಪನ ಕಿವಿ ಹತ್ರ ಹಿಡಿ."

"ಅಕ್ಕಾ, ಬೇಡ..."

"ಹಿಡಿ ಅಂದೆ! ಮೇಡಂ, ಓದಿ. ಜೋರಾಗಿ ಓದಿ."

ಮೊಬೈಲ್ ಬೆಳಕಿನಲ್ಲಿ ಓದಿದೆ. ಅಮ್ಮ ಸೀಮೆಎಣ್ಣೆಗೆ ಸಾಲಲ್ಲಿ ನಿಂತ ದಿನ. ಪುಷ್ಪಾಳ ಜ್ವರ ಇಳಿದ ದಿನ. ಬೇವಿನ ಮರಕ್ಕೆ ಗಿಳಿ ಬಂದ ದಿನ. ಹಪ್ಪಳ ಒಣಗಲಿಟ್ಟು ಮಳೆಗೆ ಸಿಕ್ಕಿ ಅಕ್ಕಪಕ್ಕದವರೆಲ್ಲ ನಕ್ಕ ದಿನ. ಸಾಲು ತುಂಡಾದಲ್ಲೆಲ್ಲ ನಾನು ನಿಲ್ಲಿಸುತ್ತಿದ್ದೆ. ಅಲ್ಲೆಲ್ಲ ಪುಷ್ಪಾ ಫೋನಿಗೆ ಬಾಗಿ ಹೇಳುತ್ತಿದ್ದಳು: "ಇಲ್ಲಿ ಲೈಟ್ ಆರಿಸಿದ್ರಿ ಅಪ್ಪಾ."

ಮತ್ತೊಂದು ಪುಟ.

"ಇಲ್ಲೂ ಆರಿಸಿದ್ರಿ."

ಬಾಗಿಲ ಕಡೆಯ ಉಸಿರು ಹತ್ತಿರ ಬಂತು. ನನ್ನ ಎಡಗಿವಿಯ ಪಕ್ಕಕ್ಕೇ ಬಂತು. ನಶ್ಯದ ಘಾಟಿಗೆ ಕಣ್ಣಲ್ಲಿ ನೀರು. ಕುತ್ತಿಗೆಯ ಮೇಲೆ ತಣ್ಣಗೆ ಏನೋ ತಾಗಿದಂತಾಯಿತು. ನನ್ನ ದನಿ ಒಡೆಯಿತು, ಅಕ್ಷರಗಳು ಕುಣಿದವು. ಆದರೂ ಬಿಡಲಿಲ್ಲ. ತೊದಲುತ್ತಲೇ ಓದಿದೆ. ಪುಷ್ಪಾಳೂ ನನ್ನ ಭುಜದ ಮೇಲಿಂದ ಇಣುಕಿ ದನಿಗೂಡಿಸಿದಳು. ಇಬ್ಬರೂ ಶಾಲೆಯ ಮಕ್ಕಳ ಹಾಗೆ ಕೂಗಿಕೂಗಿ ಓದಿದೆವು. ಎಷ್ಟು ಹೊತ್ತೋ ಗೊತ್ತಿಲ್ಲ.

ಆಮೇಲೆ ಫೋನಿನಲ್ಲಿ ಮೋಹನನ ದನಿ ಸಣ್ಣಗೆ ಬಂತು.

"ಅಕ್ಕಾ... ಕೈ ಇಳೀತು. ಸುಮ್ನೆ ಮಲಗಿದಾರೆ. ಕಣ್ಣು ಬಿಟ್ಕೊಂಡು ಕೇಳಿಸ್ಕೊಳ್ತಾ ಇದಾರೆ."

ಕಿವಿಯ ಪಕ್ಕದ ಉಸಿರು ಇರಲಿಲ್ಲ. ಘಾಟೂ ಇರಲಿಲ್ಲ. ನಾವಿಬ್ಬರೂ ಟ್ರಂಕಿನ ಬಳಿ ನೆಲದ ಮೇಲೆ ಒಬ್ಬರಿಗೊಬ್ಬರು ಅಂಟಿಕೊಂಡು ಕೂತಿದ್ದೆವು.

ಟಕ್.

ದೀಪ ಹತ್ತಿಕೊಂಡಿತು.

ಪುಷ್ಪಾ ಬಾಗಿಲ ಕಡೆ ನೋಡುತ್ತಲೇ ಇದ್ದಳು. "ಅಪ್ಪ ಯಾವತ್ತೂ ಲೈಟ್ ಹಾಕಿದೋರಲ್ಲ ಮೇಡಂ," ಎಂದಳು. ಬೆಳಗಾಗುವವರೆಗೆ ಆ ಬಲ್ಬು ಉರಿಯಿತು, ನಾವು ಡಬ್ಬಗಳನ್ನು ತುಂಬಿದೆವು.

ಟೆಂಪೋದ ಹಿಂದೆಯೇ ಮೋಹನ ಬೈಕಿನಲ್ಲಿ ಬಂದ. ಜಗಳಕ್ಕೆ ಸಿದ್ಧಳಾಗಿ ನಾನು ಡಬ್ಬಗಳ ಮುಂದೆ ನಿಂತೆ. ಅವನು ನನ್ನ ಮುಖ ನೋಡಲಿಲ್ಲ. ಒಂದು ಡಬ್ಬ ಎತ್ತಿ ನಾವು ಕರೆಸಿದ್ದ ಆಟೋದೊಳಗೆ ತಾನೇ ಇಟ್ಟ. "ಹೋದ ತಿಂಗಳು ನಾನೂ ಇಲ್ಲಿ ಬಂದು ಓದಕ್ ಕೂತಿದ್ದೆ," ಎಂದಷ್ಟೇ ಹೇಳಿದ. "ಒಂದು ಪುಟಾನೂ ಮುಗಿಸಕ್ಕಾಗ್ಲಿಲ್ಲ."

ಈಗ ಪುಷ್ಪಾ ಪ್ರತಿ ಭಾನುವಾರ ಬ್ಯಾಡರಹಳ್ಳಿಗೆ ಹೋಗಿ ಅಪ್ಪನಿಗೆ ಡೈರಿ ಓದಿ ಹೇಳುತ್ತಾಳೆ. ಆ ಕೈ ಮತ್ತೆ ಅಲುಗಿಲ್ಲವಂತೆ. ಡಾಕ್ಟರು ಅಂದಿನದನ್ನು ಸ್ನಾಯುಸೆಳೆತ ಅಂದರಂತೆ. ಹೋದ ವಾರ ಅವಳಿಗೆ ಗಂಟಲು ಕಟ್ಟಿತ್ತು. "ಮೇಡಂ, ಒಂದಿನ ನೀವು ಓದ್ತೀರಾ?" ಎಂದಳು. ಹೋದೆ.

ಮಟಮಟ ಮಧ್ಯಾಹ್ನ. ಹೊರಗೆ ಮಕ್ಕಳ ಕ್ರಿಕೆಟ್ಟಿನ ಗಲಾಟೆ. ಮಂಚದ ಮೇಲೆ ಒಣಗಿದ ಕಡ್ಡಿಯಂಥ ಮುದುಕ, ಗೋಡೆಗೆ ಮುಖ ಮಾಡಿ ಮಲಗಿದ್ದರು. ಅವರು ನನ್ನನ್ನು ಎಂದೂ ಕಂಡವರಲ್ಲ. ನಾನು ಬಾಗಿಲಲ್ಲಿ ನಿಂತು "ನಮಸ್ಕಾರ" ಎಂದೆ, ಅಷ್ಟೇ.

ಅವರ ತಲೆ ನಿಧಾನವಾಗಿ ನನ್ನ ಕಡೆ ತಿರುಗಿತು. ಬಲಗೈ ಹಾಸಿಗೆಯಿಂದ ಮೇಲೆದ್ದಿತು.

"ಮೇಡಂ..." ಮೋಹನ ಹಿಂದಿನಿಂದ ಪಿಸುಗುಟ್ಟಿದ. "ಬೇಡ, ಹೊರಟ್ಬಿಡಿ."

ಕುರ್ಚಿ ಎಳೆದುಕೊಂಡೆ. ಮಂಚಕ್ಕೂ ಗೋಡೆಯ ಸ್ವಿಚ್ಚಿಗೂ ನಡುವೆ ಹಾಕಿ, ಸ್ವಿಚ್ಚಿಗೆ ಬೆನ್ನುಕೊಟ್ಟು ಕೂತು ಡೈರಿ ತೆರೆದೆ. ನಾನು ಓದಿ ಮುಗಿಸುವವರೆಗೂ ಆ ಕೈ ಇಳಿಯಲಿಲ್ಲ. ಮುಗಿಸಿದೆ. ಈ ಭಾನುವಾರವೂ ಹೋಗುತ್ತೇನೆ. ಆದರೆ ಓದುತ್ತಿರುವಾಗ ನನ್ನ ಕುತ್ತಿಗೆಯ ಹಿಂದೆ ತಣ್ಣಗೆ ಸುಳಿದದ್ದು ಏನೆಂದು ತಿರುಗಿ ನೋಡಲು ಅಂದು ಧೈರ್ಯ ಬರಲಿಲ್ಲ. ಬರುತ್ತದೆಂಬ ಭರವಸೆಯೂ ನನಗಿಲ್ಲ.